ಹೆಗ್ಗಣದ ನಡಿಗೆ

ಆ ಊರಿನಲ್ಲಿ ಯುದ್ಧ ದಿನಾ ಸಂಜೆ ಆರಕ್ಕೆ ಶುರುವಾಗಿ ಆರೂಕಾಲಿಗೆ ಮುಗಿಯುತ್ತಿತ್ತು. ಆರೂಕಾಲಿಗೆ ಸರಿಯಾಗಿ ಗೆದ್ದು, ಎಲ್ಲರೂ ಮನೆಗೆ ಹೋಗಿ ಊಟಕ್ಕೆ ಕೂರುತ್ತಿದ್ದರು. ಮರುದಿನ ಆರಕ್ಕೆ ಮತ್ತೆ ಅದೇ ಯುದ್ಧ, ಅದೇ ಗೆಲುವು. ದಿನಾ ಗೆಲ್ಲುವ ಯುದ್ಧ ಯಾಕೆ ಮುಗಿಯುವುದಿಲ್ಲ ಎಂದು ಕೆಲವರಿಗೆ ಅನ್ನಿಸಿದ್ದುಂಟು. ಊಟದ ಹೊತ್ತಿನಲ್ಲಿ ಯಾಕೆ ಆ ಮಾತು ಎಂದು ಅವರು ಸುಮ್ಮನಾದರು.

ನಿಜವಾದ ಯುದ್ಧ ಮೂರು ದಿನದ ದಾರಿಯಾಚೆ, ಹೊಳೆಯ ದಂಡೆಯಲ್ಲಿ ನಡೆಯುತ್ತಿತ್ತಂತೆ. ಊರಿನ ಹುಡುಗರೆಲ್ಲ ಅಲ್ಲಿಗೆ ಹೋಗಿದ್ದರು. ಆದರೆ ಅಲ್ಲಿ ಬರೀ ಕೆಸರು, ಹೊಗೆ. ಯಾರು ಗೆಲ್ಲುತ್ತಿದ್ದಾರೆಂದು ಅಲ್ಲಿ ನಿಂತವರಿಗೇ ತಿಳಿಯುವುದಿಲ್ಲ. ಅದಕ್ಕೇ ಮೇಲಿನವರು ಒಂದು ಕಟ್ಟಳೆ ಮಾಡಿದ್ದರು: ಯುದ್ಧವನ್ನು ಪರದೆಯ ಮೇಲೆ ಮಾತ್ರ ನೋಡತಕ್ಕದ್ದು, ನೋಡಿದವರು ನಗತಕ್ಕದ್ದು. ಮೇಲಿನವರು ಅಂದರೆ ಯಾರು? ಊರಿನವರಿಗೆ ಗೊತ್ತಿರಲಿಲ್ಲ. ಕತ್ತೆತ್ತಿ ನೋಡಿದರೆ ಮೇಲೆ ಕಾಗೆಗಳು ಹಾರುತ್ತಿದ್ದವು, ಅಷ್ಟೇ.

ಊರ ನಡುವೆ ಒಂದು ಬಾವಿ. ಬಾವಿಯ ಪಕ್ಕದಲ್ಲಿ ನಾಲ್ಕಾಳು ಎತ್ತರದ ಬಿಳಿ ಪರದೆ. ಪರದೆಯ ಹಿಂದೆ ದೀಪ. ದೀಪದ ಮುಂದೆ ತೆಳು ಹಾಳೆಗಳನ್ನು ಸರಸರನೆ ಸರಿಸಿದರೆ ಹಾಳೆಯ ಮೇಲಿನ ಗೆರೆಗಳು ಎದ್ದು ಓಡಾಡತೊಡಗುತ್ತಿದ್ದವು. ಕಾರ್ಟೂನು ಅನ್ನುತ್ತೇವಲ್ಲ, ಅದೇ. ಅದರಲ್ಲಿ ಊರಿನವರೆಲ್ಲ ಸೇರಿ ಒಂದು ಹುಂಜ. ಶತ್ರುಗಳೆಲ್ಲ ಸೇರಿ ಒಂದು ಹೆಗ್ಗಣ. ಹೆಗ್ಗಣ ಎಡಗಡೆಯಿಂದ ಬರುತ್ತದೆ, ಕೊಬ್ಬರಿಯ ಆಸೆಗೆ ಬಲಗಡೆಯ ಬೋನಿಗೆ ಬೀಳುತ್ತದೆ, ಹುಂಜ ಬೋನನ್ನು ಎತ್ತಿಕೊಂಡು ಹೋಗಿ ಬಾವಿಗೆ ಅದ್ದುತ್ತದೆ. ಮೂರು ಗುಳ್ಳೆ ಏಳುತ್ತವೆ. ಯುದ್ಧ ಮುಗಿಯಿತು.

ನಗುವುದನ್ನು ಜನರ ಇಷ್ಟಕ್ಕೆ ಬಿಟ್ಟಿರಲಿಲ್ಲ. ಪರದೆಯ ಪಕ್ಕದಲ್ಲಿ ಎತ್ತರದ ಕುರ್ಚಿ ಹಾಕಿಕೊಂಡು ನಗೆ ಅಧಿಕಾರಿ ಕೂತಿರುತ್ತಿದ್ದ. ಅವನ ಕೈಯಲ್ಲಿ ಹಿತ್ತಾಳೆಯ ಗಂಟೆ. ಗಂಟೆ ಹೊಡೆದರೆ ನಗಬೇಕು, ಗಂಟೆ ನಿಂತರೆ ನಗು ನಿಲ್ಲಬೇಕು. ಹಲ್ಲುನೋವು ಅಂದವನಿಗೂ ರಿಯಾಯಿತಿ ಇರಲಿಲ್ಲ. ನಿದ್ದೆಯಲ್ಲೂ ನಕ್ಕ ಒಬ್ಬ ಹೆಂಗಸಿಗೆ ಮೇಲಿನಿಂದ ಪ್ರಶಸ್ತಿಪತ್ರ ಬಂದಿತ್ತು. ಅವಳ ಗಂಡ ಅದನ್ನು ಗೋಡೆಗೆ ತೂಗುಹಾಕಿ, ತಾನು ಜಗಲಿಯ ಮೇಲೆ ಮಲಗತೊಡಗಿದ.

ಇನ್ನು ಚಪ್ಪಲಿಯ ಕಟ್ಟಳೆ. ಹೆಗ್ಗಣ ಮೊದಲ ಸಲ ಪರದೆಗೆ ಬಂದ ಸಂಜೆ, ಪ್ರತಿಯೊಬ್ಬರೂ ಎಡಗಾಲಿನ ಚಪ್ಪಲಿ ಬಿಚ್ಚಿ ಅದರ ಮುಖಕ್ಕೆ ಎಸೆಯಬೇಕೆಂದು ಅಪ್ಪಣೆಯಾಯಿತು. ಎಸೆದರು. ಶತ್ರುವಿನ ಮೈ ಮುಟ್ಟಿದ ಚಪ್ಪಲಿ ಮೈಲಿಗೆ, ವಾಪಸು ಮೆಟ್ಟುವಂತಿಲ್ಲ. ಗಾಡಿ ಬಂದು ಎಲ್ಲವನ್ನೂ ತುಂಬಿಕೊಂಡು ಹೋಯಿತು. ಹೊಸದು ಹೊಲಿಸೋಣವೆಂದರೆ ಚಪ್ಪಲಿ ಹೊಲಿಯುವವನನ್ನು ಕುದುರೆಯ ಜೀನು ಹೊಲಿಯಲು ದಂಡಿಗೆ ಕರೆದೊಯ್ದಿದ್ದರು. ಮರುಸಂಜೆಯಿಂದ ಎಲ್ಲರೂ ಬಲಗಾಲಿನ ಚಪ್ಪಲಿ ಬಿಚ್ಚಿ, ಹೆಗ್ಗಣಕ್ಕೆ ಮೂರು ಸಲ ತೋರಿಸಿ, ಮತ್ತೆ ಮೆಟ್ಟಿಕೊಳ್ಳುವುದು ರೂಢಿಯಾಯಿತು. ಅದನ್ನೂ ಬಿಟ್ಟು ಬರಿಗಾಲಲ್ಲಿ ಓಡಾಡುವ ಹಾಗಿಲ್ಲ. ತೋರಿಸಲು ಚಪ್ಪಲಿಯಿಲ್ಲದವನು ಶತ್ರುವಿನ ಕಡೆಯವನು. ನಗೆ ಅಧಿಕಾರಿಯೊಬ್ಬನಿಗೆ ಮಾತ್ರ ವಿನಾಯಿತಿ. ಪಾಪ, ಅವನ ಕೈಯಲ್ಲಿ ಗಂಟೆ ಇತ್ತಲ್ಲ.

ಈ ಕಾರ್ಟೂನು ಬರೆಯುವವರು ಇಬ್ಬರು. ಹಿರಿಯ ಚಿತ್ರಗಾರ ಬರೆಯುತ್ತಿದ್ದುದು ಎರಡೇ ಚಿತ್ರ, ಮೊದಲಿನದು ಮತ್ತು ಕೊನೆಯದು. ಹೆಗ್ಗಣ ಎಡ ಮೂಲೆಯಲ್ಲಿ ಮೀಸೆ ಕುಣಿಸುತ್ತ ನಿಂತಿರುವುದು ಒಂದು. ಬೋನಿನಲ್ಲಿ ಪೆಚ್ಚುಮೋರೆ ಹಾಕಿಕೊಂಡು ಕೂತಿರುವುದು ಇನ್ನೊಂದು. ಅವುಗಳ ಕೆಳಗೆ ದೊಡ್ಡದಾಗಿ ಸಹಿ ಮಾಡಿ, ಎಲೆಅಡಿಕೆ ಹಾಕಿಕೊಂಡು ಗೋಡೆಗೊರಗುತ್ತಿದ್ದ. ಅಲ್ಲಿಂದ ಇಲ್ಲಿಗೆ ಹೆಗ್ಗಣವನ್ನು ನಡೆಸಿಕೊಂಡು ಬರುವ ಹಾಳೆಗಳೆಲ್ಲ ನಡುಗೆರೆಯವಳ ಪಾಲು. ಒಂದು ಹೆಜ್ಜೆಗೆ ಹನ್ನೆರಡು ಹಾಳೆ. ನಡುವೆ ಬರೆಯುವವಳೆಂದೇ ಅವಳಿಗೆ ಆ ಹೆಸರು. ಅವಳು ಯಾವ ಹಾಳೆಗೂ ಸಹಿ ಮಾಡುವಂತಿರಲಿಲ್ಲ.

ಮೊದಲ ದಿನ ಅವಳು ಕೇಳಿದ್ದಳು, “ಯಜಮಾನರೇ, ಆ ಜನ ಹೇಗೆ ನಡೀತಾರೆ?”

“ಯಾವ ಜನ?”

“ಶತ್ರುಗಳು. ನಾನು ಒಬ್ಬರನ್ನೂ ನೋಡಿಲ್ಲ.”

“ನಾನೆಲ್ಲಿ ನೋಡಿದ್ದೀನಮ್ಮ? ಮೇಲಿನವರನ್ನು ಕೇಳಿದೆ. ಹೆಗ್ಗಣದ ಹಾಗೆ ಇರ್ತಾರೆ ಅಂದ್ರು. ಹೇಗೆ ನಡೀತಾರೆ ಅಂದೆ, ಅದೂ ನಾವೇ ಹೇಳಬೇಕೇನ್ರೀ ಅಂತ ಬೈದ್ರು. ನಿನಗೆ ತಿಳಿದ ಹಾಗೆ ನಡೆಸು.”

ತಿಳಿದ ಹಾಗೆ ನಡೆಸು ಅಂದರೆ ಕೈ ತನಗೆ ತಿಳಿದದ್ದನ್ನೇ ತಾನೆ ಬರೆಯುವುದು? ಅವಳ ಒಬ್ಬನೇ ಮಗ ದಂಡಿಗೆ ಹೋಗಿ ಆಗ ಹತ್ತು ದಿನವಾಗಿತ್ತು. ಚಿಕ್ಕಂದಿನಲ್ಲಿ ರುಬ್ಬುವ ಗುಂಡು ಅವನ ಎಡಗಾಲ ಮೇಲೆ ಉರುಳಿಬಿದ್ದಿತ್ತು. ಅಂದಿನಿಂದ ಅವನು ನಡೆದರೆ ಎಡಹೆಜ್ಜೆಗೆ ಮೈ ಚೂರು ತಗ್ಗಿ, ಬಲಹೆಜ್ಜೆಗೆ ಮೇಲೇಳುತ್ತಿತ್ತು. ದಂಡಿನವರು ಕಾಲು ನೋಡಲಿಲ್ಲ, ತಲೆ ಎಣಿಸಿಕೊಂಡು ಕರೆದೊಯ್ದರು. ನಡುಗೆರೆಯವಳು ಮೂವತ್ತನೆಯ ಹಾಳೆ ಮುಗಿಸಿ, ಬೆರಳಲ್ಲಿ ಸರ್ರನೆ ಹಾಳೆಗಳನ್ನು ಬಿಟ್ಟು ನೋಡಿದಳು. ಹೆಗ್ಗಣ ಎಡಕ್ಕೆ ತಗ್ಗಿತು, ಬಲಕ್ಕೆ ಎದ್ದಿತು. ಬಾಗಿಲು ದಾಟಿ, ಓಣಿಯಲ್ಲಿ ಹಿಂತಿರುಗಿ ನೋಡದೆ ಹೋದ ಮಗನೇ ಅದು.

ಹಾಳೆಗಳನ್ನು ಹರಿದು ಹಾಕಬೇಕಿತ್ತು. ಹರಿಯಲಿಲ್ಲ. ದಿನಕ್ಕೊಮ್ಮೆ ಅವನು ನಡೆಯುವುದನ್ನು ನೋಡಬಹುದಲ್ಲ ಎಂಬ ಆಸೆಗೆ ಅವಳು ಸೋತಳು. ಅಂದಿನಿಂದ ಮೂರು ವರ್ಷ, ಪ್ರತಿ ಸಂಜೆ ಆರಕ್ಕೆ ಊರೆಲ್ಲ ಚಪ್ಪಲಿ ತೋರಿಸಿ ಥೂ ಅನ್ನುವಾಗ ಅವಳು ಪರದೆಯ ಹಿಂದೆ ನಿಂತು, ನೋಡು ನೋಡು, ಹೇಗೆ ಬರ್ತಿದ್ದಾನೆ ಎಂದು ಕಣ್ಣು ತುಂಬಿಕೊಳ್ಳುತ್ತಿದ್ದಳು. ಬೋನಿನ ಹತ್ತಿರ ಬಂದಾಗ ಮಾತ್ರ ಮುಖ ತಿರುಗಿಸುತ್ತಿದ್ದಳು.

ಅವಳ ಪಕ್ಕದಲ್ಲೇ ಡೋಲಿನವನು ಕೂರುತ್ತಿದ್ದ. ಹೆಗ್ಗಣದ ಹೆಜ್ಜೆಗೆ ಸದ್ದು ಕೊಡುವುದು ಅವನ ಕೆಲಸ. ಎಡಹೆಜ್ಜೆಗೆ ಡುಮ್ಮ, ಬಲಹೆಜ್ಜೆಗೆ ಟಕ. ಡುಮ್ಮ ಟಕ, ಡುಮ್ಮ ಟಕ. ಮೂರು ವರ್ಷದಲ್ಲಿ ಅವನ ಕೈಗೆ ಅದು ಎಷ್ಟು ಅಂಟಿತ್ತೆಂದರೆ ಅವನು ಬಾರಿಸುತ್ತಲೇ ಗೊರಕೆ ಹೊಡೆಯಬಲ್ಲವನಾಗಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಮಗ ಊರಿಗೆ ಬಂದ.

ಮೈತುಂಬ ಕೆಸರು, ಮುಖದ ತುಂಬ ಗಡ್ಡ, ಕಾಲಿಗೆ ದಂಡಿನ ಬೂಟು. ಊರಬಾಗಿಲಲ್ಲಿ ಕಡಲೆಕಾಯಿ ಹುರಿಯುತ್ತಿದ್ದ ಅಜ್ಜಿಯನ್ನು ಕಂಡು ಅವನಿಗೆ ಅಳುವೇ ಬಂದಿತು. “ಅಜ್ಜೀ, ಚೆನ್ನಾಗಿದ್ದೀಯಾ?” ಎನ್ನುತ್ತ ಅವಳ ಕಡೆಗೆ ನಾಲ್ಕು ಹೆಜ್ಜೆ ಹಾಕಿದ. ಅಜ್ಜಿ ಅವನ ಮುಖ ನೋಡಲಿಲ್ಲ. ಮೂರು ವರ್ಷದಿಂದ ಊರಿಗೆ ಕಾಲು ನೋಡುವ ಅಭ್ಯಾಸ. ಅವಳು ಸೌಟು ಕೆಳಗೆ ಹಾಕಿ, ಬಲಗಾಲಿನ ಚಪ್ಪಲಿ ಬಿಚ್ಚಿ, ಅವನಿಗೆ ಮೂರು ಸಲ ತೋರಿಸಿ, ಮತ್ತೆ ಮೆಟ್ಟಿಕೊಂಡು ಕೂಗಿದಳು.

“ಹೆಗ್ಗಣ ಬಂತು ಕಣ್ರೋ! ಪರದೆಯಿಂದ ಇಳಿದು ಬಂದುಬಿಡ್ತು!”

ಮನೆಮನೆಯಿಂದ ಜನ ಬಂದರು. ನಗೆ ಅಧಿಕಾರಿಯೂ ಬಂದು ಅಭ್ಯಾಸಬಲದಿಂದ ಗಂಟೆ ಹೊಡೆದ. ಊರೆಲ್ಲ ನಕ್ಕಿತು. ಮಗ, ನನ್ನನ್ನು ನೋಡಿ ಎಷ್ಟು ಖುಷಿಪಟ್ಟರಪ್ಪಾ ಎಂದುಕೊಂಡು ತಾನೂ ನಕ್ಕು ಕೈಮುಗಿದ. ಆ ಮುಗಿದ ಕೈಗೇ ಹಗ್ಗ ಬಿತ್ತು.

“ಮುಖ ನಮ್ಮ ನಡುಗೆರೆಯವಳ ಮಗನ ಹಾಗಿದೆಯಲ್ರೋ,” ಎಂದು ಒಬ್ಬ ಅನುಮಾನಿಸಿದ.

“ಅದೇ ಅದರ ಚಾಲಾಕಿ,” ಎಂದ ಇನ್ನೊಬ್ಬ. “ಮುಖ ಕದ್ದುಕೊಂಡು ಬಂದಿದೆ, ನಡಿಗೆ ಬಚ್ಚಿಡೋಕಾಗಿಲ್ಲ.”

ಬಾವಿಯ ಪಕ್ಕದಲ್ಲಿ, ಜನರಿಗೆ ತಿಳುವಳಿಕೆ ಬರಲೆಂದು, ಆಳುದ್ದದ ಒಂದು ಕಬ್ಬಿಣದ ಬೋನು ಇಟ್ಟಿದ್ದರು. ಅದರೊಳಗೆ ಒಂದು ಬಟ್ಟಲು ಕೊಬ್ಬರಿ ಬೇರೆ. ಮಗನನ್ನು ಅದರೊಳಗೆ ದಬ್ಬಿದರು. ಮೂರು ದಿನದಿಂದ ಹೊಟ್ಟೆಗಿಲ್ಲದೆ ನಡೆದು ಬಂದವನು, ಕೊಬ್ಬರಿ ಕಂಡ, ಕಚ್ಚಿ ತಿಂದ.

“ತಿಂತು! ತಿಂತು!” ಎಂದು ಜನ ಕುಣಿದರು. ಇನ್ನು ಸಾಕ್ಷಿ ಯಾಕೆ ಬೇಕು? ಸಂಜೆ ಆರಕ್ಕೆ ಕಟ್ಟಳೆಯ ಪ್ರಕಾರ ಬೋನನ್ನು ಬಾವಿಗೆ ಅದ್ದತಕ್ಕದ್ದು ಎಂದು ನಗೆ ಅಧಿಕಾರಿ ಬರೆದು ಮುದ್ರೆ ಒತ್ತಿದ.

ಸುದ್ದಿ ಕೇಳಿ ನಡುಗೆರೆಯವಳು ಕೈಗೆ ಮೆತ್ತಿದ ಮಸಿಯನ್ನೂ ಒರೆಸಿಕೊಳ್ಳದೆ ಓಡಿಬಂದಳು. ಸರಳುಗಳ ನಡುವೆ ಕೈ ತೂರಿಸಿ ಮಗನ ಗಡ್ಡ ಮುಟ್ಟಿದಳು.

“ಅವ್ವಾ, ಇವರಿಗೆಲ್ಲ ಏನಾಗಿದೆ?” ಎಂದ ಮಗ. “ನಾನು ಏನು ಮಾಡಿದೆ?”

“ನೀನೇನೂ ಮಾಡಿಲ್ಲ ಮಗನೇ. ಮಾಡಿದವಳು ನಾನು.”

ಅವಳು ನಗೆ ಅಧಿಕಾರಿಯ ಕುರ್ಚಿಯ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡಳು. “ಸ್ವಾಮೀ, ಇವನು ಹೆಗ್ಗಣದ ಹಾಗೆ ನಡೆಯೋದಲ್ಲ. ಹೆಗ್ಗಣವೇ ಇವನ ಹಾಗೆ ನಡೆಯೋದು. ಇವನನ್ನು ನೋಡಬೇಕು ಅನ್ನಿಸಿ ನಾನೇ ಹಾಗೆ ಬರೆದೆ.”

“ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಸುಳ್ಳಲ್ಲ ನೋಡು,” ಎಂದಳು ಕಡಲೆಕಾಯಿ ಅಜ್ಜಿ. ಗಂಟೆ ಹೊಡೆಯದಿದ್ದರಿಂದ ಯಾರೂ ನಗಲಿಲ್ಲ.

ನಗೆ ಅಧಿಕಾರಿ ಕಣ್ಣು ಮುಚ್ಚಿ ಯೋಚಿಸಿ ಹೇಳಿದ: “ಚಿತ್ರಕ್ಕೆ ಮೇಲಿನವರ ಮುದ್ರೆ ಬಿದ್ದಿದೆ. ಆದ್ದರಿಂದ ಚಿತ್ರ ತಪ್ಪಾಗಿರಲು ಸಾಧ್ಯವಿಲ್ಲ. ನಿನ್ನ ಮಗನಿಗೆ ಯಾವ ಮುದ್ರೆಯೂ ಬಿದ್ದಿಲ್ಲ. ಆದ್ದರಿಂದ ತಪ್ಪಾಗಿರುವುದು ನಿನ್ನ ಮಗ.”

ಹಿರಿಯ ಚಿತ್ರಗಾರನನ್ನು ಕೇಳಿದರೆ, “ನನ್ನದು ಎರಡೇ ಚಿತ್ರಮ್ಮ, ಎರಡರಲ್ಲೂ ಹೆಗ್ಗಣ ನಿಂತಿದೆ, ಕೂತಿದೆ. ನಡೆದದ್ದು ನನಗೆ ಗೊತ್ತಿಲ್ಲ,” ಎಂದು ಅಡಿಕೆ ಹೋಳು ಬಾಯಿಗೆಸೆದುಕೊಂಡ.

ಅವಳಿಗೆ ಉಳಿದದ್ದು ಮೂರು ಗಂಟೆ. ಬಾವಿಯ ಕಟ್ಟೆಯ ಮೇಲೆ ಕುಸಿದು ಕೂತಳು. ಅಳು ಬರಲಿಲ್ಲ, ಕಣ್ಣು ಮಾತ್ರ ಎದುರಿನ ನೆಲದ ಮೇಲೆ ನೆಟ್ಟಿತ್ತು. ಹೆಂಗಸರು ನೀರು ಸೇದಿಕೊಂಡು ಹೋಗುತ್ತಿದ್ದರು, ಮಣ್ಣು ಒದ್ದೆಯಾಗಿತ್ತು. ಒದ್ದೆ ಮಣ್ಣಿನಲ್ಲಿ ಒಂದು ಬರಿಗಾಲಿನ ಗುರುತು, ಒಂದು ಚಪ್ಪಲಿಯ ಗುರುತು; ಒಂದು ಬರಿಗಾಲು, ಒಂದು ಚಪ್ಪಲಿ. ಅವಳು ತಲೆಯೆತ್ತಿ ಕೊಡ ಹೊತ್ತ ಒಬ್ಬಳ ನಡಿಗೆ ನೋಡಿದಳು. ಇನ್ನೊಬ್ಬಳದು ನೋಡಿದಳು. ಬಟ್ಟೆಯ ಗಂಟು ಹೊತ್ತವನದು ನೋಡಿದಳು. ಮೂರು ವರ್ಷ ಹಗಲೆಲ್ಲ ಹಾಳೆಯ ಮೇಲೆ ಬಗ್ಗಿ ನಡಿಗೆ ಬರೆದವಳು, ಬೀದಿಯಲ್ಲಿ ನಡೆಯುವವರನ್ನು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ. ಅವಳು ಎದ್ದು ತಾನೇ ನಾಲ್ಕು ಹೆಜ್ಜೆ ಹಾಕಿದಳು. ಬಾಯಿಗೆ ಸೆರಗು ಒತ್ತಿಕೊಂಡು, ಡೋಲಿನವನ ಮನೆಗೆ ಓಡಿದಳು.

“ಅಣ್ಣಾ, ಸಂಜೆ ಒಂದು ಉಪಕಾರ ಮಾಡು. ಕಣ್ಣು ಬಿಟ್ಟುಕೊಂಡು ಬಾರಿಸು.”

“ಯಾವ ಹಾಳೆಗೆ?”

“ಹಾಳೆ ನೋಡಬೇಡ. ಯಾರು ನಡೆದರೂ ಅವರ ಕಾಲಿಗೆ ಬಾರಿಸು. ಕಾಲು ಹೇಗೆ ಬಿದ್ದರೆ ಹಾಗೆ.”

“ಅಷ್ಟೇ ತಾನೆ?” ಎಂದ ಡೋಲಿನವ. “ಅದೇನು ಮಹಾ.”

ಆರು ಗಂಟೆಗೆ ಇರುವೆ ಬಿಟ್ಟರೂ ಜಾಗವಿಲ್ಲದಷ್ಟು ಜನ. ಕಡಲೆಕಾಯಿಗೆ ಅಂಥ ವ್ಯಾಪಾರ ಅಜ್ಜಿ ಕಂಡಿರಲಿಲ್ಲ. ನಗೆ ಅಧಿಕಾರಿ ಕುರ್ಚಿ ಹತ್ತಿ, ಶುರುಮಾಡಿ ಎಂದು ಕೈಬೀಸಿದ.

“ಸ್ವಾಮೀ,” ಎಂದಳು ನಡುಗೆರೆಯವಳು. “ಡೋಲಿಲ್ಲದೆ ಹೆಗ್ಗಣ ಸಾಯೋ ಹಾಗಿಲ್ಲ. ಕಟ್ಟಳೆಯಲ್ಲಿದೆ.”

ಅಧಿಕಾರಿ ಪುಸ್ತಕ ತಿರುವಿ ನೋಡಿದ. ಇತ್ತು. “ಡೋಲು ಬರಲಿ,” ಎಂದ.

ನಾಲ್ಕು ಜನ ಬೋನು ಹೊರಲು ಮುಂದೆ ಬಂದರು. ಡೋಲಿನವ ಅವರ ಕಾಲಿಗೆ ಕಣ್ಣು ನೆಟ್ಟ. ಬರಿಯ ಎಡಗಾಲು ತಗ್ಗಿತು, ಚಪ್ಪಲಿಯ ಬಲಗಾಲು ಎದ್ದಿತು.

ಡುಮ್ಮ ಟಕ. ಡುಮ್ಮ ಟಕ.

ನಾಲ್ವರೂ ಥಟ್ಟನೆ ನಿಂತರು. ಡೋಲು ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಇನ್ನೊಂದು ಹೆಜ್ಜೆ ಹಾಕಿದರು. ಡುಮ್ಮ. ಮತ್ತೊಂದು. ಟಕ. ಒಬ್ಬ ಕಾಲು ನೆಟ್ಟಗೆ ಇಡಲು ಹೋಗಿ ಇನ್ನೂ ವಾಲಿದ. “ಲೇ, ಏನ್ ಬಾರಿಸ್ತಿದ್ದೀಯೋ?” ಎಂದು ದಪ್ಪ ಹೊಟ್ಟೆಯ ಅಂಗಡಿಯವನೊಬ್ಬ ಡೋಲಿನವನ ಮೇಲೆ ಏರಿಹೋದ. ಡುಮ್ಮ ಟಕ ಡುಮ್ಮ ಟಕ ಡುಮ್ಮ ಟಕ ಎಂದು ಡೋಲು ಅವನನ್ನೂ ನಡೆಸಿಕೊಂಡು ಬಂದಿತು. ಬಿಡಿಸಲು ಅವನ ಹೆಂಡತಿ ಓಡಿದಳು, ಡುಮ್ಮಟಕ ಡುಮ್ಮಟಕ. ನೋಡಲು ಹಿಂದಿನವರು ಮುಂದೆ ಬಂದರು, ಮುಂದಿನವರು ಹಿಂದೆ ಸರಿದರು, ಡೋಲು ಯಾರನ್ನೂ ಬಿಡಲಿಲ್ಲ.

ತಾಯಿಯ ಸೊಂಟದಲ್ಲಿದ್ದ ಒಂದು ಮಗು ಕಿಲಕಿಲ ನಕ್ಕಿತು. ಗಂಟೆ ಹೊಡೆದಿರಲಿಲ್ಲ. ಮಗುವಿನ ಬಾಯಿ ಮುಚ್ಚಲು ಹೋದ ತಾಯಿಗೂ ನಗು ತಡೆಯಲಾಗಲಿಲ್ಲ. ಅಜ್ಜಿ, “ಅಯ್ಯೋ ಶಿವನೇ, ನಾನೂ ಹೆಗ್ಗಣವೇ!” ಎಂದು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು. ಮೂರು ವರ್ಷ ಗಂಟೆಗೆ ನಕ್ಕು ನಕ್ಕು ಗಂಟಲು ಒಣಗಿದ್ದ ಊರು, ನಿಜವಾದ ನಗು ಹೀಗಿರುತ್ತದೆ ಎಂಬುದನ್ನೇ ಮರೆತಿತ್ತು.

“ನಿಲ್ಲಿಸಿ!” ಎಂದು ನಗೆ ಅಧಿಕಾರಿ ಗಂಟೆ ಹೊಡೆದ. ಗಂಟೆ ಹೊಡೆದರೆ ನಗಬೇಕು ತಾನೆ? ನಗಲು ಅಂಜಿ ನಿಂತಿದ್ದವರೂ ನಕ್ಕರು. ಅವನು ಇನ್ನೂ ಜೋರಾಗಿ ಹೊಡೆದ, ಅವರು ಇನ್ನೂ ಜೋರಾಗಿ ನಕ್ಕರು. ಕೊನೆಗೆ ಅವನು ಗಂಟೆ ಎಸೆದು, ಕುರ್ಚಿಯಿಂದ ಇಳಿದು, ಡೋಲು ಕಿತ್ತುಕೊಳ್ಳಲು ದಾಪುಗಾಲು ಹಾಕಿ ಬಂದ.

ಟಕ ಟಕ ಟಕ ಟಕ.

ನಗು ನಿಂತಿತು. ಅಂಥ ಸದ್ದನ್ನು ಆ ಡೋಲಿನಿಂದ ಯಾರೂ ಕೇಳಿರಲಿಲ್ಲ.

“ಇದ್ಯಾವ ನಡಿಗೆಯೇ?” ಎಂದಳು ಅಜ್ಜಿ, ಕಣ್ಣೊರೆಸಿಕೊಂಡು. “ನಮ್ಮೂರಿನದಲ್ಲವಲ್ಲ.”

ಊರಿನ ಕಣ್ಣೆಲ್ಲ ಮೆಲ್ಲಗೆ ಅಧಿಕಾರಿಯ ಎಡಗಾಲಿಗೆ ಇಳಿದವು. ಅಲ್ಲಿ ಚೆನ್ನಾಗಿ ಎಣ್ಣೆ ಹಚ್ಚಿದ ಚಪ್ಪಲಿ ಹೊಳೆಯುತ್ತಿತ್ತು. ಯಾರೋ ಬಲಗಾಲಿನ ಚಪ್ಪಲಿ ಬಿಚ್ಚಿದರು. ಪಕ್ಕದವರೂ ಬಿಚ್ಚಿದರು. ಅಧಿಕಾರಿ ದಡ್ಡನಲ್ಲ. ಅವನು ಬಗ್ಗಿ, ಎಡಗಾಲಿನ ಚಪ್ಪಲಿ ಬಿಚ್ಚಿ ಕಂಕುಳಲ್ಲಿ ಇರುಕಿಕೊಂಡು, ಎಲ್ಲರಿಗೂ ಒಂದು ಮುಗುಳ್ನಗೆ ತೋರಿಸಿ, ಮನೆಯ ಕಡೆ ತಿರುಗಿದ. ಡುಮ್ಮ ಟಕ, ಡುಮ್ಮ ಟಕ. ಓಣಿಯ ತಿರುವಿನವರೆಗೂ ಡೋಲಿನವ ಅವನನ್ನು ಕಳಿಸಿಕೊಟ್ಟ.

ಬೋನಿನ ಬಾಗಿಲು ಯಾರು ತೆಗೆದರೆಂದು ಆಮೇಲೆ ಊರಿನಲ್ಲಿ ಜಗಳವಾಯಿತು. ಪ್ರತಿಯೊಬ್ಬನೂ ತಾನೇ ಎಂದ. ನಡುಗೆರೆಯವಳು ಮಗನನ್ನು ಮನೆಗೆ ಕರೆದೊಯ್ದು, ಬಿಸಿನೀರಿನಲ್ಲಿ ಕಾಲು ತೊಳೆದು, ಮುದ್ದೆ ಸಾರು ಬಡಿಸಿ ಎದುರಿಗೆ ಕೂತಳು. ಅವಳಿಗೆ ಸಂತೋಷಕ್ಕೆ ಹೊಟ್ಟೆ ಹಸಿಯಲೇ ಇಲ್ಲ. ನಡೆದದ್ದನ್ನೆಲ್ಲ ನೆನೆದು ಮಗನೂ ನಗುತ್ತಿದ್ದ.

“ಅವ್ವಾ, ಆಚೆ ದಂಡೆಯಲ್ಲೂ ಇಂಥದ್ದೇ ಪರದೆ ಇದೆ. ನಮ್ಮ ಕಂದಕದಿಂದ ಕಾಣುತ್ತೆ.”

“ಹೌದಾ? ಅದರಲ್ಲಿ ನಾವೇನು?”

“ಕೋತಿ. ನಡೀತಾ ನಡೀತಾ ನಿಂತುಕೊಂಡು, ಬಲಗೈ ತಲೆಯ ಮೇಲಿಂದ ತಂದು ಎಡಗಿವಿಯ ಹಿಂದೆ ಕೆರೆದುಕೊಳ್ಳುತ್ತೆ. ಅದೇನು ನಗು ಬರುತ್ತೆ ಗೊತ್ತಾ! ಕದ್ದು ನೋಡಿ ನಾವೂ ನಗ್ತಿದ್ವಿ.”

ನಡುಗೆರೆಯವಳು ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

“ಹಾಗೆ ಕೆರೆದುಕೊಳ್ಳೋ ಹುಡುಗ ಯಾರಾದರೂ ನಿನಗೆ ಅಲ್ಲಿ ಸಿಕ್ಕಿದ್ದನೇನೋ?”

ಮಗನ ನಗು ಹಾಗೇ ಮುಖದ ಮೇಲೆ ನಿಂತಿತು. ಕೈಯಲ್ಲಿದ್ದ ತುತ್ತನ್ನು ಬಾಯಿಗಿಡಲಿಲ್ಲ, ತಟ್ಟೆಗೂ ಹಾಕಲಿಲ್ಲ.

“ಸಿಕ್ಕಿದ್ದ.”

“ಆಮೇಲೆ?”

“ಕತ್ತಲಾಗೋ ಹೊತ್ತು. ಒಬ್ಬನೇ ನೀರಿಗೆ ಬಂದಿದ್ದ. ನಿಂತುಕೊಂಡು ಹಾಗೇ ಕೆರೆದುಕೊಂಡ.” ಅವನು ಕೈಯಲ್ಲಿದ್ದ ತುತ್ತನ್ನು ನೋಡಿದ. “ಕೋತಿ ಅಂದುಕೊಂಡೆ ಅವ್ವಾ. ನಗ್ತಾನೇ ಗುಂಡು ಹೊಡೆದೆ.”

ಅವನಿಗೆ ಬೈಯುವ ಬಾಯಿಯಾಗಲಿ, ಸಮಾಧಾನ ಹೇಳುವ ಬಾಯಿಯಾಗಲಿ ತಾಯಿಗಿರಲಿಲ್ಲ. ಆಚೆ ಊರಿನಲ್ಲಿ ಪರದೆಯ ಹಿಂದೆ ನಿಂತು, ನೋಡು ನೋಡು, ಹೇಗೆ ಬರ್ತಿದ್ದಾನೆ ಎಂದು ಈಗಲೂ ಕಣ್ಣು ತುಂಬಿಕೊಳ್ಳುತ್ತಿರುವ ಒಬ್ಬಳು ಅವಳಿಗೆ ಕಂಡಳು. ಮಗನ ಕೈಯಿಂದ ತುತ್ತು ಬಿಡಿಸಿ ತಟ್ಟೆಗಿಟ್ಟು, ಅವನ ತಲೆಯನ್ನು ತನ್ನ ತೊಡೆಯ ಮೇಲೆ ಒರಗಿಸಿಕೊಂಡಳು.

ಬೆಳಿಗ್ಗೆ ಅವಳು ಕೆಲಸಕ್ಕೆ ಹೋದಾಗ ಹಿರಿಯ ಚಿತ್ರಗಾರ ಎಂದಿನಂತೆ ಎರಡು ಚಿತ್ರ ಮುಂದಿಟ್ಟ. ಊರು ನಕ್ಕಿತೆಂದು ಯುದ್ಧವೇನೂ ನಿಂತಿರಲಿಲ್ಲ. ಮೇಲಿನಿಂದ ಆಗಲೇ ಹೊಸ ಗಂಟೆ ಬಂದಿತ್ತು. “ಇಲ್ಲಿಂದ ಅಲ್ಲಿಗೆ ನಡೆಸು,” ಎಂದು ಅವನು ಗೋಡೆಗೊರಗಿದ.

ನಡುಗೆರೆಯವಳು ಬರೆಯತೊಡಗಿದಳು. ಹೆಗ್ಗಣ ಎಡಕ್ಕೆ ತಗ್ಗಿತು, ಬಲಕ್ಕೆ ಎದ್ದಿತು. ಐದನೆಯ ಹೆಜ್ಜೆಗೆ ನಿಂತು, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯ ಹಿಂದೆ ಕೆರೆದುಕೊಂಡಿತು. ಮತ್ತೆ ನಡೆಯಿತು. ಒಂದು ಹೆಜ್ಜೆಗೆ ಹನ್ನೆರಡು ಹಾಳೆ ಎಂದು ಕಟ್ಟಳೆಯಿತ್ತು. ಎಷ್ಟು ಹೆಜ್ಜೆ ಎಂದು ಇರಲಿಲ್ಲ. ಅವಳು ಹೆಜ್ಜೆಗಳನ್ನು ಬೆರಳುಗುರಿನಷ್ಟು ಚಿಕ್ಕದಾಗಿ ಬರೆದಳು. ಮಧ್ಯಾಹ್ನದ ಹೊತ್ತಿಗೆ ಹಾಳೆ ಮುಗಿದವು, ಮಗ ಪಕ್ಕದ ಕೋಣೆಯಿಂದ ಇನ್ನಷ್ಟು ಹೊತ್ತು ತಂದ.

ಸಂಜೆ ಆರಕ್ಕೆ ದೀಪ ಹೊತ್ತಿತು. ಹೆಗ್ಗಣ ಹೊರಟಿತು. ಆರೂಕಾಲಾಯಿತು, ಅದಿನ್ನೂ ಪರದೆಯ ನಡುವೆಯೂ ಬಂದಿರಲಿಲ್ಲ. ಕೊಬ್ಬರಿ ಅಲ್ಲೇ ಇತ್ತು, ಬೋನು ಬಾಯಿ ತೆರೆದು ಕಾದಿತ್ತು, ಹುಂಜ ಒಂದು ಕಾಲ ಮೇಲೆ ನಿಂತು ನಿಂತು ತೂಕಡಿಸಿತು. ಜನ ಎದ್ದುಹೋಗಿ ಊಟ ಮಾಡಿ ಬಂದರು. ಹೆಗ್ಗಣ ನಾಲ್ಕು ಹೆಜ್ಜೆ ನಡೆದು, ನಿಂತು, ಕಿವಿಯ ಹಿಂದೆ ಕೆರೆದುಕೊಂಡು, ಮತ್ತೆ ನಡೆಯುತ್ತಿತ್ತು.

“ಇದು ಬೋನಿಗೆ ಬೀಳೋದು ಯಾವಾಗಮ್ಮ?” ಎಂದು ಡೋಲಿನವ, ಕೈ ನಿಲ್ಲಿಸದೆ ಕೇಳಿದ.

“ಇನ್ನೂ ಹಾಳೆಯಿದೆ, ಬಾರಿಸಣ್ಣಾ,” ಎಂದಳು ನಡುಗೆರೆಯವಳು.